ಬೆನ್ನು ತಿರುಗಿಸಿ ನಿಂತ ಬೀದಿ

ಹಗರಿಬೊಮ್ಮನಹಳ್ಳಿ

ನೇಪಾಳಕ್ಕೆ ಹೋಗಿ ಬಂದು ನಾಲ್ಕು ತಿಂಗಳಾಯಿತು. ಸಿಕ್ಕವರೆಲ್ಲ ಕೇಳುವುದು ಒಂದೇ ಮಾತು: 'ಹಿಮಾಲಯ ಹೆಂಗಿತ್ರಿ?' ಹಿಮಾಲಯ ಚೆನ್ನಾಗಿತ್ತು. ಆದರೆ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಅದಲ್ಲ; ಒಂದು ಅಂಗಳ, ಅದರ ಬಾಗಿಲ ಬಳಿ ಒಪ್ಪವಾಗಿ ಜೋಡಿಸಿಟ್ಟ ಗಂಡಸಿನ ಬೂಟುಗಳು. ಬೀದಿಯಲ್ಲಿ ಜೀಪು ನಿಂತ ಸದ್ದಾದರೆ ಈಗಲೂ ಕೈಯಲ್ಲಿರುವ ಲೋಟ ಕೆಳಗಿಡುತ್ತೇನೆ. ಮನೆಯವರು ನಗುತ್ತಾರೆ. ನಾನೂ ನಗುತ್ತೇನೆ, ಲೋಟ ಕೆಳಗಿಟ್ಟ ಮೇಲೆ.

ನಾನು ಹರಪನಹಳ್ಳಿಯವಳು. ಅಲ್ಲೇ ಬಿ.ಎ. ಮುಗಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಕಷ್ಟಕ್ಕೆ ಸಿಕ್ಕ ಹೆಣ್ಣುಮಕ್ಕಳಿಗೆ ಆಸರೆ ಕೊಡುವ ಸಣ್ಣ ಕೇಂದ್ರವೊಂದರಲ್ಲಿ ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕೇಂದ್ರ ಎಂದರೆ ಎರಡು ಕೋಣೆ, ಹಿಂದೆ ತಗಡಿನ ಅಡುಗೆಮನೆ, ಮುಂದೆ ಒಂದು ಕಟ್ಟೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಕಡೆಯಿಂದ ಮೈಮೇಲೆ ಬಾಸುಂಡೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಸ್ಸಿಳಿದವಳು ಯಾರನ್ನು ಕೇಳಿದರೂ ನಮ್ಮ ದಾರಿ ತೋರಿಸುತ್ತಾರೆ. ಆಟೋದವರು ಕೇಳುವ ಮೊದಲೇ ತಂದು ಇಳಿಸುತ್ತಾರೆ. ಹಾಗೆಯೇ ಮರುದಿನ ಅವಳ ಗಂಡನನ್ನೂ ತಂದು ಇಳಿಸುತ್ತಾರೆ.

ಆ ಗಂಡನನ್ನು ನೋಡಿಕೊಳ್ಳುವ ಹೊಣೆ ಮಾಬೂಬಿ ಚಾಚಿಯದು. ಕೊಟ್ಟೂರಿನ ಲಾರಿ ಮೆಕ್ಯಾನಿಕ್ ಒಬ್ಬನ ವಿಧವೆ. ಕೇಂದ್ರದ ಅಡುಗೆ ಅವಳದೇ. ಗಂಡ ಕೂಗಾಡುತ್ತ ಬಂದರೆ ಅವನನ್ನು ಕಟ್ಟೆಯ ಮೇಲೆ ಕೂರಿಸಿ, ಚೊಂಬು ನೀರು ಕೊಟ್ಟು, ಮುಂದೆ ಒಂದು ಮೊರದ ತುಂಬ ಖಾರದ ಮಂಡಕ್ಕಿ, ಮೇಲೆ ನಾಲ್ಕು ಮಿರ್ಚಿ ಬಜ್ಜಿ ಇಡುತ್ತಾಳೆ. 'ಬಾಯಾಗ ಮಂಡಕ್ಕಿ ಇದ್ದಾಗ ಯಾವ ಮಗಗೂ ಬೈಯಾಕ ಬರಲ್ಲ' ಎಂಬುದು ಅವಳ ಸಿದ್ಧಾಂತ. ಎದುರಿಗೆ ಸೈಕಲ್ ಅಂಗಡಿ, ಪಕ್ಕಕ್ಕೆ ಖಾನಾವಳಿ, ಮೂಲೆಯಲ್ಲಿ ಹಡಗಲಿ ಮಲ್ಲಿಗೆ ಮಾರುವ ಹೆಂಗಸರು. ಅಷ್ಟು ಕಣ್ಣು ನೋಡುತ್ತಿರುವಾಗ ಯಾರೂ ಕೈ ಎತ್ತುವುದಿಲ್ಲ. ನಮ್ಮಲ್ಲಿ ಬಾಗಿಲಿಗೆ ಚಿಲಕವೇ ಇಲ್ಲ; ಬೀದಿಯೇ ಚಿಲಕ.

ಒಂದು ತರಬೇತಿಯಲ್ಲಿ ಪರಿಚಯವಾದ ನೇಪಾಳದ ದೇವಕಿ ದೀದಿ, ತಾನು ನಡೆಸುವ ಆಶ್ರಯಮನೆಯನ್ನು ಹತ್ತು ದಿನ ನೋಡಲು ಕರೆದಾಗ ಹೊರಟವರು ನಾನು ಮತ್ತು ಚಾಚಿ. ಪಾಸ್‌ಪೋರ್ಟ್ ಬೇಡ ಎಂದು ತಿಳಿದಾಗ ಚಾಚಿಗೆ ಅನುಮಾನ ಬಂತು.

'ಪಾಸ್‌ಪೋರ್ಟ್ ಇಲ್ದ ಹೋಗೋದು ಎಂಥ ಫಾರಿನ್ ಲೇ ಬಿ.ಎ.? ಹಂಗಾರ ಹೊಸಪೇಟಿನೂ ಫಾರಿನ್ನ.'

ನನ್ನನ್ನು ಅವಳು ಹೆಸರು ಹಿಡಿದು ಕರೆದದ್ದು ಕಡಿಮೆ. ನನ್ನ ಪದವಿಯೇ ನನ್ನ ಹೆಸರು.

ಗಡಿ

ರೈಲಿನ ಕಥೆ ಬಿಡುತ್ತೇನೆ. ಗೋರಖಪುರ ಮುಟ್ಟುವ ಹೊತ್ತಿಗೆ ಬೋಗಿಯವರಿಗೆಲ್ಲ ನಾವು ಯಾರು, ಎಲ್ಲಿಗೆ ಹೊರಟಿದ್ದೇವೆ, ಚಾಚಿಗೆ ಎಷ್ಟು ಮಕ್ಕಳು, ನನಗೆ ಯಾಕೆ ಇನ್ನೂ ಮದುವೆಯಾಗಿಲ್ಲ, ಎಲ್ಲವೂ ತಿಳಿದಿತ್ತು. ನಮ್ಮ ಕಡೆ ಪಯಣ ಎಂದರೆ ಹಾಗೆಯೇ ಅಲ್ಲವೇ? ಹರಪನಹಳ್ಳಿಯಲ್ಲಿ ಬಸ್ಸು ಹತ್ತಿದವಳು ಹತ್ತಿರದ ಅರಸೀಕೆರೆ ಬರುವಷ್ಟರಲ್ಲಿ ಪಕ್ಕದವಳಿಗೆ ತನ್ನ ಪುರಾಣ ಹೇಳಿ ಮುಗಿಸಿರುತ್ತಾಳೆ. ಹೇಳದಿದ್ದರೆ 'ಈಕಿಗೆ ಭಾಳ ಸೊಕ್ಕು' ಎನ್ನುತ್ತಾರೆ.

ಸೋನೌಲಿಯಲ್ಲಿ ಒಂದು ಕಮಾನು. ಆಚೆ ನೇಪಾಳ. ಚಾಚಿ ಕಮಾನಿನ ಕೆಳಗೆ ನಿಂತು ಹಿಂದೆ ನೋಡಿದಳು, ಮುಂದೆ ನೋಡಿದಳು.

'ಆ ಕಡಿನೂ ಅದ ರಿಕ್ಷಾ, ಈ ಕಡಿನೂ ಅದ ರಿಕ್ಷಾ. ನೊಣನೂ ಅವ. ಮೋಸ ಆತು ನೋಡು.'

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಎಂದಾಗ ಮಾತ್ರ ಅವಳಿಗೆ ವಿದೇಶಕ್ಕೆ ಬಂದ ಸಮಾಧಾನವಾಯಿತು. ಹಾಗೆಂದು ತನ್ನ ಕೈಗಡಿಯಾರ ತಿದ್ದಲಿಲ್ಲ. 'ಹದಿನೈದು ನಿಮಿಷಕ್ಕ ಯಾರು ಮುಳ್ಳು ತಿರುವ್ತಾರ' ಎಂದಳು.

ಬೆಟ್ಟದ ಬಸ್ಸು ಸುತ್ತಿ ಸುತ್ತಿ ಹತ್ತಿತು. ಬಯಲುಸೀಮೆಯ ನಮ್ಮ ಹೊಟ್ಟೆಗೆ ಆ ತಿರುವು ಹೊಸದು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿಯೇ ಅರ್ಧ ನೇಪಾಳ ನೋಡಿದೆ. ಚಾಚಿ ಏನೂ ಆಗದವಳಂತೆ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ತಿನ್ನುತ್ತ, ಸುತ್ತಲಿನವರಿಗೂ ಹಂಚುತ್ತ ಕೂತಿದ್ದಳು.

ಬೋರ್ಡಿಲ್ಲದ ಮನೆ

ದೇವಕಿ ದೀದಿಯ ಆಶ್ರಯಮನೆ ಇಕ್ಕಟ್ಟಾದ ಏರುಬೀದಿಯಲ್ಲಿತ್ತು. ಬೋರ್ಡಿಲ್ಲ. ಬೀದಿಯ ಕಡೆಯ ಕಿಟಕಿಗಳು ಹಗಲಲ್ಲೂ ಮುಚ್ಚಿರುತ್ತಿದ್ದವು. ದಪ್ಪ ಮರದ ಬಾಗಿಲು, ಒಳಗಿನಿಂದ ಅಡ್ಡಕ್ಕೆ ಒಂದು ತೊಲೆ. ಒಳಗೆ ಅಂಗಳ; ಅಂಗಳದ ಸುತ್ತ ಎಂಟು ಮಗ್ಗ. ಅಲ್ಲಿಯ ಗಂಡಸರು ತೊಡುವ ಬಣ್ಣಬಣ್ಣದ ಟೋಪಿಯ ಬಟ್ಟೆಯನ್ನು ಆ ಹೆಂಗಸರು ನೇಯುತ್ತಿದ್ದರು. ಗಂಡಸರ ಕೈಯಿಂದ ಓಡಿ ಬಂದವರು ಗಂಡಸರ ತಲೆಗೆ ಟೋಪಿ ಮಾಡುತ್ತಿದ್ದಾರಲ್ಲ ಎಂದು ನಾನು ಹೇಳಿದರೆ ಅವರು ಹೊಟ್ಟೆ ಹಿಡಿದು ನಕ್ಕರು.

ಮೊದಲ ದಿನವೇ ದೀದಿ ನಮ್ಮನ್ನು ಕೂರಿಸಿ ಹಿಂದಿಯಲ್ಲಿ ಹೇಳಿದರು: 'ಆರು ವರ್ಷದಿಂದ ಈ ಬೀದಿಗೆ ಇದು ನೇಯ್ಗೆಯ ಕಾರ್ಖಾನೆ. ಒಳಗೆ ಇರುವವರು ಯಾರು ಎಂದು ಹೊರಗಿನವರಿಗೆ ತಿಳಿಯಬಾರದು. ಅದೇ ಇವರ ಜೀವ.'

ನಾವಿಬ್ಬರೂ ತಲೆಯಾಡಿಸಿದೆವು. ಆಮೇಲೆ ಚಾಚಿ ನನ್ನ ಕಿವಿಯಲ್ಲಿ, 'ಆರು ವರ್ಷ ಬಾಗ್ಲು ಹಾಕ್ಕಂಡು ಕುಂತ್ರ ಮಂದಿ ಕೂಡ ಮಾತಾಡೋದು ಯಾವಾಗ?' ಎಂದಳು.

ಅಲ್ಲಿಯವರು ಬೆಳಿಗ್ಗೆ ಹತ್ತಕ್ಕೇ ಅನ್ನ, ಬೇಳೆಸಾರು, ಸಾಸಿವೆ ಸೊಪ್ಪಿನ ಪಲ್ಯ ಉಂಡುಬಿಡುತ್ತಾರೆ. ಆಮೇಲೆ ಊಟ ಸಂಜೆಗೇ. ಒಂದು ಗಂಟೆಗೆ ಹೊಟ್ಟೆ ಚುರುಗುಟ್ಟುವುದು ನಮಗಿಬ್ಬರಿಗೇ. ಮಾತಿಗೊಮ್ಮೆ 'ಹಜೂರ್' ಎನ್ನುವ ಅವರ ಮರ್ಯಾದೆಗೆ ಚಾಚಿ ಮಾತ್ರ ಪೂರ್ತಿ ಸೋತಿದ್ದಳು. 'ಕೊಟ್ಟೂರಾಗ ನಲವತ್ತು ವರ್ಷ ಅದೀನಿ, ಒಬ್ಬನಾರ ಹಜೂರ್ ಅಂದಾನ?'

ಆ ಮನೆಯಲ್ಲಿ ನಮಗೆ ಬಹಳ ಹತ್ತಿರವಾದವಳು ಕಮಲಾ. ಇಪ್ಪತ್ತಾರು ವರ್ಷ. ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಗಂಡ ಬಾಗಿಲ ಸಂದಿಗೆ ಇಟ್ಟು ಒತ್ತಿದ್ದನಂತೆ. ಮೂರು ತಿಂಗಳ ಹಿಂದೆ ಮಗಳನ್ನು ಎತ್ತಿಕೊಂಡು ಓಡಿ ಬಂದವಳು. ಮಗಳು ಮಾಯಾ, ನಾಲ್ಕು ವರ್ಷದ ಚೂಟಿ. ಚಾಚಿ ಮಿಕ್ಸ್ಚರಿಗೆ ಖಾರ ಕಲಸಿದರೆ ಪಕ್ಕದಲ್ಲಿ ಕೂತು ಕಣ್ಣೀರು ಸುರಿಸುತ್ತ ಇನ್ನೂ ಬೇಕು ಎನ್ನುವಳು.

'ಇದು ನಮ್ಮೂರ ಕೂಸು, ದಾರಿ ತಪ್ಪಿ ಇಲ್ಲಿ ಹುಟ್ಟೇತಿ' ಎಂದು ಚಾಚಿ ತೀರ್ಪು ಕೊಟ್ಟಳು.

ಚಹಾದಂಗಡಿ

ಏಳನೆಯ ದಿನ ದೀದಿ ಜಿಲ್ಲಾ ಕಚೇರಿಗೆ ಹೋಗಿದ್ದರು. ಒಂದು ಗಂಟೆಗೆ ಚಾಚಿಯ ಹೊಟ್ಟೆ ಎಂದಿನಂತೆ ತಕರಾರು ತೆಗೆಯಿತು. ಊರಿಗೆ ಫೋನು ಮಾಡುವ ನೆಪ ಹೇಳಿ ಇಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ಇಳಿದೆವು. ಫೋನು ಸಿಗಲಿಲ್ಲ, ಬಿಸಿಬಿಸಿ ಆಲೂಗಡ್ಡೆ ಪಲ್ಯ, ಚಹಾ ಸಿಕ್ಕಿತು. ಮೋಡ ಸರಿದು ಹಿಮದ ಬೆಟ್ಟವೂ ಆಗಲೇ ಕಂಡಿತು. ಚಾಚಿ ಅದನ್ನೂ ಮೋಡವೆಂದೇ ತಿಳಿದು ನನ್ನೊಡನೆ ವಾದಕ್ಕಿಳಿದಳು. ನಮ್ಮ ಜಗಳದ ಮಧ್ಯೆ ಪಕ್ಕದ ಬೆಂಚಿನಿಂದ ಒಂದು ದನಿ ಕೇಳಿತು.

'ಊಟ ಆಯ್ತಾ?'

ಕನ್ನಡ! ನಾವಿಬ್ಬರೂ ಬೆಚ್ಚಿ ತಿರುಗಿದೆವು. ಮೂವತ್ತರ ಆಸುಪಾಸಿನ ಗಂಡಸು. ಶುಭ್ರವಾದ ಅಂಗಿ, ನಗುಮುಖ. ಜೀಪು ಓಡಿಸುತ್ತಾನಂತೆ. ಹಿಂದೆ ದಾವಣಗೆರೆಯ ಒಂದು ಪೇಟೆಯಲ್ಲಿ ಎರಡು ವರ್ಷ ಗೂರ್ಖಾ ಆಗಿದ್ದನಂತೆ. 'ಊಟ ಆಯ್ತಾ, ಚೆನ್ನಾಗಿದೀರಾ, ನಾಳೆ ಬನ್ನಿ', ಇಷ್ಟೇ ಅವನ ಕನ್ನಡ. ಉಳಿದದ್ದು ಹಿಂದಿ.

ಮನೆ ಬಿಟ್ಟು ಹನ್ನೊಂದು ದಿನವಾದವರಿಗೆ ಅಷ್ಟು ಸಾಕು. ಚಾಚಿ ತನ್ನ ದಖ್ಖನಿ ಉರ್ದುವಿನಲ್ಲಿ ಹರಿಯತೊಡಗಿದಳು. ದಾವಣಗೆರೆಗೆ ಹರಪನಹಳ್ಳಿ ಎಷ್ಟು ಹತ್ತಿರ, ಕೊಟ್ಟೂರಿನ ಮಿರ್ಚಿ ತಿಂದಿದ್ದೀಯಾ, ಇಲ್ಲವೇ, ಹಾಗಾದರೆ ನೀನು ಏನು ತಿಂದೆ. ಅವನು ಕೇಳಿದ, ಎಲ್ಲಿ ಇಳಿದುಕೊಂಡಿದ್ದೀರಿ? 'ಮಗ್ಗದ ಮನೆ, ಬರೀ ಹೆಂಗಸರು' ಎಂದು ನಾನೇ ಹೇಳಿದೆ. ಚಾಚಿ ಸೇರಿಸಿದಳು: ಅಲ್ಲೊಂದು ಕೂಸಿದೆ, ಮಾಯಾ ಅಂತ, ನಾಲ್ಕು ವರ್ಷ, ಖಾರ ತಿನ್ನುವುದರಲ್ಲಿ ಥೇಟು ನಮ್ಮ ಕಡೆಯದೇ.

ಅವನು ಸುಮ್ಮನಾದ. ಲೋಟದ ತಳದಲ್ಲಿ ಉಳಿದ ಚಹಾವನ್ನು ಎರಡು ಸಲ ತಿರುಗಿಸಿದ. ಆ ಮೌನವನ್ನು ನಾನು ಅವತ್ತು ಗಮನಿಸಿದ್ದೆ. ಮನೆಯಲ್ಲಿ ಮಕ್ಕಳ ನೆನಪಾಗಿರಬೇಕು ಎಂದುಕೊಂಡೆ. ಈಗ ಅದನ್ನು ಎಷ್ಟು ಸಲ ಅಳೆದಿದ್ದೇನೋ! ನಾಲ್ಕು ಉಸಿರಿನಷ್ಟು ಉದ್ದ. ಅಷ್ಟರಲ್ಲಿ ನಾನು ಎದ್ದು ಬರಬಹುದಿತ್ತು.

'ಏರು ದಾರಿ, ಅಮ್ಮನಿಗೆ ಕಾಲು ನೋಯುತ್ತದೆ. ಬಿಟ್ಟು ಬರುತ್ತೇನೆ' ಎಂದ.

ನೀವೇ ಹೇಳಿ, ಊಟ ಆಯ್ತಾ ಎಂದು ಕೇಳಿದವನು ಹೊರಗಿನವನು ಹೇಗಾಗುತ್ತಾನೆ? ದೀದಿ ಹೇಳಿದ 'ಹೊರಗಿನವರು' ಇವನಲ್ಲ ಎಂದೇ ನಮ್ಮ ಲೆಕ್ಕ. ಜೀಪು ಮನೆಯ ಮುಂದೆ ನಿಂತಿತು. ಚಾಚಿಯ ದನಿ ಕೇಳಿ ಒಳಗಿನವರು ತೊಲೆ ಸರಿಸಿದರು. ಮನೆ ಬಾಗಿಲವರೆಗೆ ಬಿಟ್ಟವರನ್ನು ಹಾಗೇ ಕಳಿಸುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ನಾನು ತಿರುಗಿ, ಚಹಾ ಕುಡಿದೇ ಹೋಗಬೇಕು, ಒಳಗೆ ಬನ್ನಿ ಎಂದೆ.

ಒಂದು ಸಲವಲ್ಲ. ಅವನು ಅನುಮಾನಿಸಿದಂತೆ ಕಂಡದ್ದಕ್ಕೆ ಎರಡು ಸಲ ಕರೆದೆ.

ಅಂಗಳ

ಅವನು ಬೂಟು ಬಿಚ್ಚಿದ. ಎರಡನ್ನೂ ಬಾಗಿಲ ಪಕ್ಕ ಒಪ್ಪವಾಗಿ ಜೋಡಿಸಿಟ್ಟ. ಎಂಥ ಸಭ್ಯಸ್ಥ ಎಂದುಕೊಂಡೆ.

ಮಾಯಾ ಚಾಚಿಯ ಕಡೆ ಓಡಿ ಬಂದವಳು ಅರ್ಧದಲ್ಲಿ ನಿಂತಳು. 'ಬುವಾ' ಎಂದಳು. ಅಪ್ಪ. ಆ ದನಿಯಲ್ಲಿ ಹೆದರಿಕೆಯೂ ಇರಲಿಲ್ಲ, ಸಂತೋಷವೂ ಇರಲಿಲ್ಲ. ಕಮಲಾಳ ಮಗ್ಗ ನಿಂತಿತು. ಅದರ ಪಕ್ಕದ್ದು ನಿಂತಿತು. ಒಂದೊಂದಾಗಿ ಎಂಟೂ ನಿಂತವು.

ಅವನು ಎಡಗೈಯಲ್ಲಿ ಮಗುವನ್ನು ಎತ್ತಿಕೊಂಡ. ಕಟ್ಟಿಗೆ ರಾಶಿಯ ಮೇಲೆ ಸೌದೆ ಸೀಳುವ ಖುಕುರಿ ಕತ್ತಿ ಬಿದ್ದಿತ್ತು. ಬಲಗೈಗೆ ಅದು ಬಂತು. ಎತ್ತಲಿಲ್ಲ, ತೋರಿಸಲಿಲ್ಲ. ತೊಡೆಗೆ ಒತ್ತಿ ಹಿಡಿದು, ಹೆಂಡತಿಗೆ ಮೆಲ್ಲಗೆ ಒಂದೇ ಮಾತು ಹೇಳಿದ. ಅದರ ಅರ್ಥ ಆಮೇಲೆ ತಿಳಿಯಿತು: 'ನಡಿ.'

ಕಮಲಾ ಎದ್ದಳು. ಅರ್ಧ ನೇಯ್ದ ಬಟ್ಟೆಯ ಮೇಲೆ ಕೈಯಾಡಿಸಿ ಸುಕ್ಕು ಸರಿಮಾಡಿದಳು. ಚಪ್ಪಲಿ ಹುಡುಕಿದಳು. ಮಗು ಅವನ ಕೈಯಲ್ಲಿರುವಾಗ ಅವಳು ಹೋಗಿಯೇ ಹೋಗುತ್ತಿದ್ದಳು. ನಾನು ಅವನಿಗೂ ಬಾಗಿಲಿಗೂ ನಡುವೆ ನಿಂತಿದ್ದೆ. ಮೂರು ತರಬೇತಿ ಮುಗಿಸಿದವಳು. ಕಾಲು ಏಳಲಿಲ್ಲ.

ಚಾಚಿ ಬಾಗಿಲ ಕಡೆ ನಡೆದಳು. ತೆರೆಯಲು ಹೊರಟಿದ್ದಾಳೆ ಎಂದು ಅವನು ತಿಳಿದಿರಬೇಕು. ಅವಳು ತೊಲೆ ಎಳೆದು ಅಡ್ಡ ಹಾಕಿದಳು. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು, ಮೊರ ಮುಂದಿಟ್ಟುಕೊಂಡು ಜೋಳ ಹಸನು ಮಾಡುವವಳ ಹಾಗೆ ಎರಡೂ ಕಾಲು ಚಾಚಿ ಕೂತುಬಿಟ್ಟಳು. ಕನ್ನಡದಲ್ಲೇ ಶುರುಮಾಡಿದಳು.

'ಊಟ ಆಯ್ತಾ ಅಂತ ಕೇಳ್ದೆಲ್ಲೋ ಭಾಡ್ಯಾ, ಆಗಿಲ್ಲ! ಕುತ್ಕ, ಉಂಡು ಹೋಗು. ನಮ್ ಮಾತು ಕಲ್ತು ನಮಗ ಗಾಳ ಹಾಕ್ತಿ?' ನನ್ನ ಕಡೆ ತಿರುಗಿ, 'ಏ ಬಿ.ಎ.! ಗೊಂಬಿ ಹಂಗ ಯಾಕ ನಿಂತಿ? ಮ್ಯಾಲ ಹೋಗು. ಕಿಟಕಿ ತಗದು ಒದರು!' ಎಂದಳು.

ಅವನು ಅವಳ ಮುಂದೆ ಹೋಗಿ ನಿಂತ. ಖುಕುರಿ ಈಗ ತೊಡೆಯಿಂದ ಸರಿದಿತ್ತು. ಚಾಚಿ ಕಾಲು ಮಡಚಲಿಲ್ಲ.

ಏಣಿ ಹೇಗೆ ಹತ್ತಿದೆನೋ ಗೊತ್ತಿಲ್ಲ. ಆರು ವರ್ಷ ಮುಚ್ಚಿದ್ದ ಕಿಟಕಿ ಎರಡು ಗುದ್ದಿಗೆ ತೆರೆಯಿತು. ಹಿಂದಿ ನೆನಪಾಗಲಿಲ್ಲ, ಇಂಗ್ಲಿಷ್ ನೆನಪಾಗಲಿಲ್ಲ. ಬಣವೆಗೆ ಬೆಂಕಿ ಬಿದ್ದಾಗ ನಮ್ಮ ಕಡೆ ಹೇಗೆ ಕೂಗುತ್ತಾರೋ ಹಾಗೆ ಕೂಗಿದೆ:

'ಬರ್ರೀ! ಯಾರಾರ ಬರ್ರೀ! ನಮ್ ಹುಡುಗಿನ ಒಯ್ಯಾಕತ್ಯಾನ!'

ನೇಪಾಳದ ಆ ಬೀದಿಯಲ್ಲಿ ಒಬ್ಬರಿಗೂ ಆ ಮಾತು ಅರ್ಥವಾಗಿರಲಾರದು. ಎಲ್ಲರೂ ಬಂದರು. ಮೂರು ಮನೆ ಆಚೆ ಹಿತ್ತಾಳೆ ಪಾತ್ರೆ ಬಡಿಯುವ ಕಂಚುಗಾರ ಸುತ್ತಿಗೆ ಹಿಡಿದೇ ಬಂದ. ಹೊರೆ ಹೊತ್ತಿದ್ದವರು ಹೊರೆ ಇಳಿಸಿ ಬಂದರು. ಸೊಪ್ಪು ಬಿಡಿಸುತ್ತಿದ್ದವರು ಮಡಿಲ ತುಂಬ ಸೊಪ್ಪಿನೊಂದಿಗೆ ಬಂದರು. ಎಲ್ಲರಿಗಿಂತ ಮುಂದೆ ಎದುರುಮನೆಯ ಅಜ್ಜಿ, ಕೋಲೂರಿಕೊಂಡು.

ನಾನು ಏಣಿ ಇಳಿದಾಗ ಚಾಚಿ ಪಕ್ಕಕ್ಕೆ ಜರುಗಿ ತೊಲೆ ತೆಗೆದಳು. ಅವರು ಯಾರೂ ಅವನ ಮೈ ಮುಟ್ಟಲಿಲ್ಲ, ಬೈಯಲಿಲ್ಲ. ಒಬ್ಬರ ಹಿಂದೆ ಒಬ್ಬರು ಸುಮ್ಮನೆ ಒಳಗೆ ಬಂದು ನಿಲ್ಲುತ್ತ ಹೋದರು. ಅಂಗಳ ತುಂಬಿತು. ಮಗ್ಗಗಳ ನಡುವಿನ ಸಂದಿ ತುಂಬಿತು. ಕೊನೆಗೆ ಅವನಿಗೆ ಕೈ ಎತ್ತಲು ಜಾಗವೇ ಉಳಿಯಲಿಲ್ಲ. ಆ ಒತ್ತಿನಲ್ಲಿ ಮಾಯಾ ಅವನ ತೋಳಿನಿಂದ ಯಾರದೋ ಸೊಪ್ಪಿನ ಮಡಿಲಿಗೆ, ಅಲ್ಲಿಂದ ಇನ್ನೊಬ್ಬರ ಹೆಗಲಿಗೆ ದಾಟಿ ಕಮಲಾಳ ಬಳಿ ಸೇರಿದಳು. ಅಜ್ಜಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಖುಕುರಿ ತೆಗೆದುಕೊಂಡಳು. ಅವಳು ಅವನಿಗೆ ಏನೋ ಹೇಳಿದಳು. ಪಕ್ಕದವಳು ನನಗೆ ಹಿಂದಿಯಲ್ಲಿ ತಿಳಿಸಿದಳು: 'ಇದು ಸೌದೆಗೆ ಬೇಕು.'

ದೀದಿ

ಗಂಡಸರು ಅವನನ್ನು ಪೊಲೀಸ್ ಚೌಕಿಗೆ ಒಯ್ದರು. ಸಂಜೆ ನಾಲ್ಕಕ್ಕೆ ಬಂದ ದೇವಕಿ ದೀದಿ, ತೆರೆದ ಕಿಟಕಿಯನ್ನೂ ಅಂಗಳದಲ್ಲಿ ಚಹಾ ಕುಡಿಯುತ್ತ ಕೂತ ಅರ್ಧ ಬೀದಿಯನ್ನೂ ನೋಡಿ ಬಾಗಿಲಲ್ಲೇ ನಿಂತರು.

ಅವರು ನನಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆಯಲಾರೆ. ಎಲ್ಲವೂ ನ್ಯಾಯವಾದದ್ದು. 'ಅವನನ್ನು ಚಹಾಕ್ಕೆ ಕರೆದಿರಿ?' ಎಂದು ಮೂರು ಸಲ ಕೇಳಿದರು. ಚಾಚಿ ಎಂದೂ ಇಲ್ಲದಂತೆ ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು.

'ತಪ್ಪು ನಂದರಿ. ಕೂಸಿನ ಹೆಸರು ಹೇಳ್ದಾಕಿ ನಾನು' ಎಂದಳು. ಉರ್ದು ಮರೆತು ಕನ್ನಡದಲ್ಲೇ ಅಂದದ್ದನ್ನು ನಾನು ಹಿಂದಿಗೆ ತಿರುಗಿಸಿ, ಒಳಗೆ ಕರೆದವಳು ನಾನು ಎಂದು ಸೇರಿಸಿದೆ.

'ಆರು ವರ್ಷ!' ಎಂದರು ದೀದಿ. 'ಆರು ವರ್ಷ ಈ ಬೀದಿಗೆ ಕಾರ್ಖಾನೆ ಅಂತ ನಂಬಿಸಿದ್ದೆ.'

ಎದುರುಮನೆಯ ಅಜ್ಜಿ ಲೋಟ ಕೆಳಗಿಟ್ಟಳು. ಅವಳ ಮಾತನ್ನು ದೀದಿಯೇ ನಮಗೆ ಹಿಂದಿಗೆ ತಿರುಗಿಸಿದರು. ಅಜ್ಜಿ ಹೇಳಿದ್ದು ಇದು: 'ನಡುರಾತ್ರಿ ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಅಳುತ್ತ ಯಾರು ಕಾರ್ಖಾನೆ ಕೆಲಸಕ್ಕೆ ಬರುತ್ತಾರೆ, ಮಗಳೇ? ನಾವು ನಂಬಿದ್ದೇವೆ ಎಂದು ನಾವೂ ನಿನ್ನನ್ನು ನಂಬಿಸಿದ್ದೆವು.'

ಕಂಚುಗಾರ ತಲೆಯಾಡಿಸಿದ. ಎರಡು ವರ್ಷದ ಹಿಂದೆ ಯಾರೋ ಹೆಂಡತಿಯನ್ನು ಹುಡುಕಿಕೊಂಡು ಬಂದಾಗ ಅವನನ್ನು ಇಡೀ ದಿನ ಬೇರೆ ಗುಡ್ಡ ಹತ್ತಿಸಿದ್ದನಂತೆ. ಅಂಗಳದಲ್ಲಿ ನಗು ಎದ್ದಿತು. ದೀದಿಯೂ ನಕ್ಕರು, ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ನನ್ನನ್ನು ಬೈಯದೆ ಇದ್ದವಳು ಕಮಲಾ ಒಬ್ಬಳೇ. ನಾನು ಕ್ಷಮೆ ಕೇಳಲು ಹೋದರೆ ಅವಳಿಗೆ ಬೇರೆಯದೇ ಕುತೂಹಲ.

'ಕಿಟಕಿಯಲ್ಲಿ ಏನಂತ ಕೂಗಿದೆ?'

'ನಮ್ಮ ಹುಡುಗಿಯನ್ನು ಒಯ್ಯುತ್ತಿದ್ದಾನೆ ಎಂದೆ.'

'ಮಾಯಾಳನ್ನೇ?'

'ಇಬ್ಬರನ್ನೂ.'

ಅವಳು ಮಡಚದ ಬೆರಳುಗಳಿಂದ ನನ್ನ ಕೈ ಹಿಡಿದು, 'ನಮ್ ಹುಡುಗಿ' ಎಂದು ಎರಡು ಸಲ ಹೇಳಿ ನೋಡಿದಳು. ಉಚ್ಚಾರ ಚಾಚಿಯಂತೆಯೇ ಇತ್ತು.

ಮರುದಿನ ಬೆಳಿಗ್ಗೆ

ಚೌಕಿಯವರು ಅವನನ್ನು ಗದರಿಸಿ ಬಿಟ್ಟುಬಿಟ್ಟರೆಂದು ರಾತ್ರಿಯೇ ಸುದ್ದಿ ಬಂತು. ಅವನಿಗೆ ಮನೆ ಗೊತ್ತು. ಕಮಲಾ ಇನ್ನು ಅಲ್ಲಿರುವಂತಿರಲಿಲ್ಲ. ಎಲ್ಲಿಗೆ ಹೋಗುವುದೆಂದು ದೀದಿ, ಕಮಲಾ ಇಬ್ಬರೇ ಕೋಣೆಯಲ್ಲಿ ಕೂತು ತೀರ್ಮಾನಿಸಿದರು. ನಾವು ಕೇಳಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಚಾಚಿಯೂ ಕೇಳಲಿಲ್ಲ.

ಬೆಳಕು ಹರಿದ ಮೇಲೆ ಬೀದಿಗೆ ತರಕಾರಿ ಲಾರಿಯೊಂದು ಬಂದು ನಿಂತಿತು. ಇನ್ನೂ ಮಂಜು ಇತ್ತು. ಬೀದಿಯವರೆಲ್ಲ ಹೊರಗೆ ನಿಂತಿದ್ದರು. ಬೀಳ್ಕೊಡಲು ಬಂದಿದ್ದಾರೆ ಎಂದುಕೊಂಡೆ. ಚಾಚಿ ಮಾಯಾಳ ಜೇಬಿಗೆ ಶೇಂಗಾ ಚಟ್ನಿಪುಡಿಯ ಪೊಟ್ಟಣ ತುರುಕಿ, ಮುತ್ತಿಟ್ಟು, ಅವಳನ್ನು ದೀದಿಯ ಕೈಗೆ ಕೊಟ್ಟಳು.

ಕಮಲಾ ಹೊಸ್ತಿಲು ದಾಟುತ್ತಿದ್ದ ಹಾಗೆ ಅಜ್ಜಿ ಕೋಲಿನಿಂದ ನೆಲ ಕುಟ್ಟಿದಳು. ಬೀದಿಯೆಲ್ಲ ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತಿತು. ಹೊರೆಯವರು, ಸೊಪ್ಪಿನವರು, ಮಕ್ಕಳು, ಎಲ್ಲರೂ. ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಅಜ್ಜಿ ನನ್ನ ಭುಜ ಹಿಡಿದು ತಿರುಗಿಸಿ, ಹರಕು ಹಿಂದಿಯಲ್ಲಿ ಹೇಳಿದಳು: 'ನಾಳೆ ಅವನು ಬಂದು ಕೇಳುತ್ತಾನೆ. ನಾವು ಸುಳ್ಳು ಹೇಳುವವರಲ್ಲ.'

ನಾನು ಗೋಡೆ ನೋಡುತ್ತ ನಿಂತೆ. ಸುಣ್ಣ ಉದುರಿದ ಇಟ್ಟಿಗೆ, ಅದರ ಸಂದಿಯಲ್ಲಿ ಹಸಿರು ಪಾಚಿ. ಪಕ್ಕದಲ್ಲಿ ಚಾಚಿ, ಹಣೆಯನ್ನು ಗೋಡೆಗೇ ಒತ್ತಿಕೊಂಡು. ಬೆನ್ನ ಹಿಂದೆ ಸಣ್ಣ ಚಪ್ಪಲಿಗಳ ಸದ್ದು, ತಾಡಪತ್ರಿ ಎಳೆದ ಸದ್ದು. ಲಾರಿ ಗುರುಗುಟ್ಟಿತು. ಏರು ಹತ್ತುತ್ತದೋ ಇಳಿಯುತ್ತದೋ ಎಂದು ನನ್ನ ಕಿವಿ ತಾನಾಗಿ ನಿಮಿರಿತು. ಅಷ್ಟರಲ್ಲಿ ಕಂಚುಗಾರ ತನ್ನ ಅಂಗಡಿಯೊಳಗೆ ನುಗ್ಗಿ ದೊಡ್ಡದೊಂದು ಹಿತ್ತಾಳೆ ಹಂಡೆಯನ್ನು ದಬದಬ ಬಡಿಯತೊಡಗಿದ. ಕಿವಿಯಲ್ಲಿ ಬೇರೆ ಏನೂ ಉಳಿಯಲಿಲ್ಲ.

ಅವನು ಬಡಿಯುವುದನ್ನು ನಿಲ್ಲಿಸಿದ ಮೇಲೆ ನಾವೆಲ್ಲ ತಿರುಗಿದೆವು. ಬೀದಿಯಲ್ಲಿ ಒಂದೆರಡು ಕೋಸಿನ ಎಲೆ ಬಿದ್ದಿದ್ದವು. ಅಜ್ಜಿ ಬಗ್ಗಿ ಅವನ್ನೂ ಆರಿಸಿಕೊಂಡು ಮಡಿಲಿಗೆ ಹಾಕಿಕೊಂಡಳು.

'ಯಾವುದಾದರೂ ಲಾರಿ ಬಂದಿತ್ತೇ?' ಎಂದು ಕಂಚುಗಾರನನ್ನು ಕೇಳಿದಳು.

'ಯಾವ ಲಾರಿ?' ಎಂದ ಅವನು.